ವಿದೇಶದಿಂದ ನಿಶ್ ಪರ್ಫ್ಯೂಮ್ ತರಿಸುವುದು ಹೇಗೆ: ಸ್ಯಾಂಪಲ್ಲಿನಿಂದ ಕಸ್ಟಮ್ಸ್‌ವರೆಗೆ

ನಿಶ್ ಪರ್ಫ್ಯೂಮ್, ಅಂದರೆ ಸಣ್ಣ ಸ್ವತಂತ್ರ ತಯಾರಕರ ಪರ್ಫ್ಯೂಮ್, ವಿದೇಶದಿಂದ ತರಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಬಾಟಲಿ ಆರಿಸುತ್ತಾರೆ, ಆಮೇಲೆ ಅಗ್ಗಕ್ಕೆ ಕೊಡುವ ಅಂಗಡಿ ಹುಡುಕುತ್ತಾರೆ. ಅದು ಬರುವ ದಾರಿಯ ಬಗ್ಗೆ ಯೋಚಿಸುವುದು ಹಣ ಕಟ್ಟಿದ ಮೇಲೆ. ಈ ಕ್ರಮವನ್ನು ತಿರುಗಿಸಿಕೊಳ್ಳಬೇಕು. ಬಟ್ಟೆ, ಪುಸ್ತಕ ಬಂದಂತೆ ಪರ್ಫ್ಯೂಮ್ ಬರುವುದಿಲ್ಲ. ಬಾಟಲಿಯ ಬಹುಪಾಲು ಎಥೆನಾಲ್ ಎಂಬ ಆಲ್ಕೋಹಾಲ್ ಆಗಿರುವುದರಿಂದ ಸಾಗಣೆ ನಿಯಮಗಳ ಪ್ರಕಾರ ಅದು ಅಪಾಯಕಾರಿ ಸರಕು. ಯಾರು, ಯಾವ ದಾರಿಯಲ್ಲಿ, ಕಾನೂನುಬದ್ಧವಾಗಿ ಅದನ್ನು ನಿಮ್ಮ ಮನೆಗೆ ಮುಟ್ಟಿಸುತ್ತಾರೆ ಎಂಬುದು ಖಚಿತವಾದ ಮೇಲೆಯೇ ಉಳಿದದ್ದು.

ಮೊದಲು ದಾರಿ ಗೊತ್ತುಮಾಡಿಕೊಳ್ಳಿ

ಅಂತರರಾಷ್ಟ್ರೀಯ ಸಾಗಣೆಯಲ್ಲಿ ಪರ್ಫ್ಯೂಮಿಗೆ ಯುಎನ್ 1266 ಎಂಬ ಸಂಖ್ಯೆ ಇದೆ. ಅದು 3ನೇ ವರ್ಗಕ್ಕೆ, ಅಂದರೆ ಹೊತ್ತಿಕೊಳ್ಳುವ ದ್ರವಗಳ ವರ್ಗಕ್ಕೆ ಸೇರುತ್ತದೆ. ಫ್ಲ್ಯಾಶ್ ಪಾಯಿಂಟ್, ಅಂದರೆ ಆವಿ ಕಿಡಿಗೆ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆ, 60 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿದ್ದರೆ ಸಾಮಾನ್ಯವಾಗಿ ಈ ವರ್ಗ. 23 ಡಿಗ್ರಿಗಿಂತ ಕೆಳಗಿದ್ದರೆ ಇನ್ನಷ್ಟು ಬಿಗಿಯಾದ ಪ್ಯಾಕಿಂಗ್ ಗುಂಪು. ಶುದ್ಧ ಎಥೆನಾಲಿನ ಫ್ಲ್ಯಾಶ್ ಪಾಯಿಂಟ್ ಸುಮಾರು 13 ಡಿಗ್ರಿ. ಹಾಗಾಗಿ ಸ್ಪ್ರೇ ರೂಪದ ಬಹುತೇಕ ಪರ್ಫ್ಯೂಮ್‌ಗಳು ಬಿಗಿ ಗುಂಪಿಗೇ ಬೀಳುತ್ತವೆ. ಎಕ್ಸ್‌ಟ್ರೇ, ಓ ಡಿ ಪರ್ಫಮ್, ಓ ಡಿ ಟಾಯ್ಲೆಟ್ ಎಂಬ ಗಾಢತೆಯ ವ್ಯತ್ಯಾಸದಿಂದ ಇಲ್ಲಿ ಏನೂ ಬದಲಾಗುವುದಿಲ್ಲ.

ಇದರ ನೇರ ಪರಿಣಾಮ ಅಂಚೆಯ ಮೇಲೆ. ಅಂತರರಾಷ್ಟ್ರೀಯ ಅಂಚೆಯಲ್ಲಿ ಹೊತ್ತಿಕೊಳ್ಳುವ ದ್ರವಗಳಿಗೆ ನಿಷೇಧವಿದೆ. ಅಮೆರಿಕದ ಅಂಚೆ ಸೇವೆ ಆಲ್ಕೋಹಾಲ್ ಇರುವ ಪರ್ಫ್ಯೂಮನ್ನು ಹೊರದೇಶಕ್ಕೆ ಒಯ್ಯುವುದಿಲ್ಲ, ದೇಶದೊಳಗೂ ನೆಲದ ಮಾರ್ಗದಲ್ಲಷ್ಟೇ ಬಿಡುತ್ತದೆ. ಬ್ರಿಟನ್ನಿನ ರಾಯಲ್ ಮೇಲ್ ಕೂಡ ದೇಶದೊಳಗೆ ಷರತ್ತಿನ ಮೇಲೆ ಒಪ್ಪಿ, ವಿದೇಶಕ್ಕೆ ನಿರಾಕರಿಸುತ್ತದೆ. ಆದ್ದರಿಂದ ಬೇರೆ ದೇಶದ ಅಂಗಡಿಯೊಂದು "ನೋಂದಾಯಿತ ಅಂಚೆಯಲ್ಲಿ ಕಳಿಸುತ್ತೇವೆ" ಎಂದರೆ ಅನುಮಾನಿಸಿ. ಪೊಟ್ಟಣದ ಮೇಲೆ ಇನ್ನೇನೋ ಬರೆದು ಕಳಿಸುವ ಉದ್ದೇಶ ಅದಕ್ಕಿರುವುದೇ ಹೆಚ್ಚು.

ಉಳಿಯುವ ದಾರಿಗಳು ನಾಲ್ಕು.

ಮೊದಲನೆಯದು, ಅಪಾಯಕಾರಿ ಸರಕಿನ ಒಪ್ಪಂದ ಇರುವ ಅಂಗಡಿಯಿಂದ ಕೊರಿಯರ್. ಡಿಎಚ್‌ಎಲ್, ಫೆಡೆಕ್ಸ್, ಯುಪಿಎಸ್‌ನಂಥ ಕಂಪನಿಗಳು ಪರ್ಫ್ಯೂಮ್ ಒಯ್ಯುತ್ತವೆ, ಆದರೆ ಒಪ್ಪಂದ ಮತ್ತು ತರಬೇತಿ ಇರುವ ವ್ಯಾಪಾರಿಗಳಿಂದ ಮಾತ್ರ. ಕೌಂಟರಿಗೆ ಬಂದು ಒಂದು ಬಾಟಲಿ ಕೊಡುವ ಖಾಸಗಿ ವ್ಯಕ್ತಿಗೆ ಸಾಮಾನ್ಯವಾಗಿ ಇಲ್ಲ ಎನ್ನುತ್ತವೆ. ವಿದೇಶದಲ್ಲಿರುವ ಗೆಳೆಯರ ಕೈಲಿ ಕೊರಿಯರ್ ಮಾಡಿಸೋಣ ಎಂಬ ಯೋಜನೆ ಮುರಿಯುವುದು ಇಲ್ಲೇ.

ಎರಡನೆಯದು, ಸಣ್ಣ ಪ್ರಮಾಣಕ್ಕಿರುವ ರಿಯಾಯಿತಿ. ಒಳಗಿನ ಪ್ರತಿ ಸೀಸೆ 30 ಮಿಲಿ ಮೀರದೆ, ಇಡೀ ಪೊಟ್ಟಣದಲ್ಲಿ ಒಟ್ಟು 500 ಮಿಲಿ ಮೀರದೆ ಇದ್ದರೆ, ಬಿಗಿ ಗುಂಪಿನ ಪರ್ಫ್ಯೂಮ್ ಕೂಡ 'ಎಕ್ಸೆಪ್ಟೆಡ್ ಕ್ವಾಂಟಿಟಿ' ಎಂಬ ಸರಳ ನಿಯಮದಡಿ ಸಾಗಬಹುದು. ಪ್ರತಿ ಸೀಸೆ 1 ಮಿಲಿ, ಪೊಟ್ಟಣಕ್ಕೆ ಒಟ್ಟು 100 ಮಿಲಿ ಒಳಗಿದ್ದರೆ ನಿಯಮ ಮತ್ತೂ ಸಡಿಲ. ಎಲ್ಲ ಕೊರಿಯರ್‌ಗಳೂ ಇದನ್ನು ಒಪ್ಪುವುದಿಲ್ಲ, ಅಂಗಡಿಯನ್ನು ಕೇಳಿಯೇ ತಿಳಿಯಬೇಕು. 100 ಮಿಲಿಗಿಂತ 30 ಮಿಲಿ ಬಾಟಲಿ ಆರಿಸಿಕೊಳ್ಳಲು ಇದೂ ಒಂದು ಕಾರಣ.

ಮೂರನೆಯದು, ಆಲ್ಕೋಹಾಲ್ ಇಲ್ಲದ್ದು. ಎಣ್ಣೆ ಆಧಾರಿತ ಅತ್ತರು, ಮೇಣದಂಥ ಘನ ಪರ್ಫ್ಯೂಮ್ ಇವುಗಳ ಫ್ಲ್ಯಾಶ್ ಪಾಯಿಂಟ್ ಹಲವು ಸಲ 60 ಡಿಗ್ರಿ ದಾಟಿರುತ್ತದೆ. ಆಗ ಅವು 3ನೇ ವರ್ಗಕ್ಕೆ ಬರುವುದಿಲ್ಲ. "ಎಣ್ಣೆ ತಾನೇ" ಎಂದು ನಂಬಿ ಕೂರಬೇಡಿ. ಕಿತ್ತಳೆ, ನಿಂಬೆ ಸಿಪ್ಪೆಯ ಎಣ್ಣೆಗಳಲ್ಲಿ ತುಂಬಿರುವ ಲಿಮೊನೀನಿನ ಫ್ಲ್ಯಾಶ್ ಪಾಯಿಂಟ್ 50ರ ಆಸುಪಾಸು, ಅದು ಹೊತ್ತಿಕೊಳ್ಳುವ ದ್ರವವೇ. ಮಾರುವವರಲ್ಲಿ ಸುರಕ್ಷತಾ ದತ್ತಾಂಶ ಪತ್ರ ಕೇಳಿ. ಅದರ 9ನೇ ವಿಭಾಗದಲ್ಲಿ ಫ್ಲ್ಯಾಶ್ ಪಾಯಿಂಟ್, 14ನೇ ವಿಭಾಗದಲ್ಲಿ ಸಾಗಣೆಯ ವರ್ಗ ಇರುತ್ತದೆ. ಈ ಎರಡು ಸಾಲು ಓದಿದರೆ ಸಾಕು.

ನಾಲ್ಕನೆಯದು ಪ್ರಯಾಣಿಕರ ಕೈಯಲ್ಲಿ ತರಿಸುವುದು. ಅದರ ಲೆಕ್ಕ ಕೊನೆಯಲ್ಲಿ ಇದೆ.

ಪೊಟ್ಟಣದ ಮೇಲೆ "ಶಾಂಪೂ", "ಅಲಂಕಾರಿಕ ಗಾಜು" ಎಂದು ಬರೆಸುವ ಉಪಾಯಕ್ಕೆ ಕೈಹಾಕಬೇಡಿ. ಸರಕನ್ನು ಸುಳ್ಳು ಹೆಸರಲ್ಲಿ ವಿಮಾನಕ್ಕೆ ಏರಿಸುವುದು ಅಪರಾಧ. ಎಕ್ಸ್‌ರೇಯಲ್ಲಿ ದ್ರವದ ಬಾಟಲಿ ಎದ್ದು ಕಾಣುತ್ತದೆ. ಹಾಗೆ ಸಿಕ್ಕಿದ ಪೊಟ್ಟಣವನ್ನು ಹೆಚ್ಚಾಗಿ ನಾಶ ಮಾಡುತ್ತಾರೆ, ವಿಮೆಯೂ ಸಿಗುವುದಿಲ್ಲ. ಅದಕ್ಕಿಂತ ದೊಡ್ಡ ಮಾತು, ಅದೇ ವಿಮಾನದಲ್ಲಿ ಜನ ಕೂತಿರುತ್ತಾರೆ.

ಮೂಸದೆ ಬಾಟಲಿ ಕೊಳ್ಳಬೇಡಿ

ವಿದೇಶದಿಂದ ಬಂದ ಪರ್ಫ್ಯೂಮನ್ನು ವಾಪಸ್ ಕಳಿಸುವುದು ಕಷ್ಟ. ಕೊಂಡವರಿಗೆ ಅಪಾಯಕಾರಿ ಸರಕು ಕಳಿಸುವ ಹಕ್ಕೇ ಇರುವುದಿಲ್ಲ. ಹಾಗಾಗಿ ಮೊದಲ ಆರ್ಡರ್ ಸ್ಯಾಂಪಲ್ಲಿನದ್ದೇ ಆಗಿರಲಿ. ಸ್ಪ್ರೇ ಒಂದು ಸಲ ಒತ್ತಿದರೆ ಸುಮಾರು 0.1 ಮಿಲಿ ಬರುತ್ತದೆ. 2 ಮಿಲಿ ಸ್ಯಾಂಪಲ್ಲಿನಲ್ಲಿ ಇಪ್ಪತ್ತು ಸಲ, 50 ಮಿಲಿ ಬಾಟಲಿಯಲ್ಲಿ ಐನೂರು ಸಲ. ದಿನಕ್ಕೆ ನಾಲ್ಕು ಸಲ ಹಾಕಿಕೊಂಡರೂ ಸ್ಯಾಂಪಲ್ ಐದು ದಿನಕ್ಕೆ ಬರುತ್ತದೆ, ತೀರ್ಮಾನಕ್ಕೆ ಅಷ್ಟು ಸಾಲುತ್ತದೆ.

ಕಾಗದದ ಪಟ್ಟಿಯ ಮೇಲೆ ಮೂಸಿ ನಿರ್ಧರಿಸಬೇಡಿ. ಚರ್ಮದ ಮೇಲೆ, ಒಂದು ಬಿಸಿ ದಿನ, ಒಂದು ತಂಪು ದಿನ, ಪ್ರತಿ ಸಲ ಕನಿಷ್ಠ ಆರು ಗಂಟೆ ನೋಡಿ. ಮೊದಲ ಹದಿನೈದು ನಿಮಿಷದ ಸಿಟ್ರಸ್ ಹಾರಿಹೋದ ಮೇಲೆ ಉಳಿಯುವ ಮರ, ಕಸ್ತೂರಿ, ಅಂಬರಿನ ವಾಸನೆಯೇ ನಿಮ್ಮೊಡನೆ ದಿನವಿಡೀ ಇರುವುದು. ಹಲವು ನಿಶ್ ಮನೆಗಳು, ಅಂದರೆ ತಯಾರಕ ಕಂಪನಿಗಳು, ಡಿಸ್ಕವರಿ ಸೆಟ್ (ತಮ್ಮ ಹಲವು ಪರ್ಫ್ಯೂಮ್‌ಗಳ ಸ್ಯಾಂಪಲ್ ಕಟ್ಟು) ಮಾರುತ್ತವೆ. ಕೆಲವು ಅದರ ಬೆಲೆಯನ್ನು ಮುಂದಿನ ಪೂರ್ಣ ಬಾಟಲಿಗೆ ವಜಾ ಹಾಕಿಕೊಡುತ್ತವೆ. ಕೂಪನ್ನಿನ ಅವಧಿ ಮತ್ತು ಅದು ನಿಮ್ಮ ದೇಶಕ್ಕೆ ಅನ್ವಯಿಸುತ್ತದೆಯೇ ಎಂಬುದನ್ನು ಮೊದಲೇ ಓದಿ.

ಹಳೆಯ ವಿಮರ್ಶೆ ನಂಬಿ ಕೊಳ್ಳುವವರು ಗಮನಿಸಬೇಕಾದ ಇನ್ನೊಂದು ವಿಷಯ, ಸೂತ್ರದ ಬದಲಾವಣೆ. ಲಿಲಿಯಲ್ ಎಂಬ ಹೂವಾಸನೆಯ ರಾಸಾಯನಿಕ 2022ರ ಮಾರ್ಚ್ 1ರಿಂದ ಯುರೋಪಿಯನ್ ಒಕ್ಕೂಟದಲ್ಲಿ ನಿಷಿದ್ಧ. ಅಂಥದೇ ಇನ್ನೊಂದು ರಾಸಾಯನಿಕ ಲೈರಲ್ ಅದಕ್ಕೂ ಮೊದಲು ಹೋಯಿತು. ಓಕ್‌ಮಾಸ್ ಎಂಬ ಕಲ್ಲುಹೂವಿನ ಸಾರದ ಬಳಕೆಗೆ ಮಿತಿ ಹಾಕಿದ್ದಾರೆ. ಹೆಸರು, ಬಾಟಲಿ ಅದೇ ಇದ್ದರೂ ಒಳಗಿರುವುದು ಬೇರೆ ಇರಬಹುದು. ಹತ್ತು ವರ್ಷದ ಹಿಂದೆ ಮೂಸಿದ್ದನ್ನು ನೆನೆದು ಕೊಳ್ಳುವಾಗಲೂ ಹೊಸ ಸ್ಯಾಂಪಲ್ ತರಿಸಿಯೇ ನೋಡಿ.

ಅಂಗಡಿ

ಪರ್ಫ್ಯೂಮ್ ಮನೆಯ ಸ್ವಂತ ಜಾಲತಾಣದಲ್ಲಿ ಅಧಿಕೃತ ಮಾರಾಟಗಾರರ ಪಟ್ಟಿ ಇರುತ್ತದೆ. ಹುಡುಕಾಟ ಅಲ್ಲಿಂದಲೇ ಶುರುವಾಗಲಿ. ಪ್ಯಾರಿಸ್ಸಿನ ಜೊವುವಾ, ಲಾಸ್ ಏಂಜಲೀಸಿನ ಲಕಿಸೆಂಟ್ ಇಂಥವು ನಿಶ್ ಪರ್ಫ್ಯೂಮ್‌ಗಳಿಗೆಂದೇ ಇರುವ ಅಂಗಡಿಗಳು. ಯಾವುದೇ ಅಂಗಡಿಯಾಗಲಿ, ಹಣ ಕಟ್ಟುವ ಮೊದಲು ಮೂರು ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಪಡೆಯಿರಿ: ನನ್ನ ದೇಶಕ್ಕೆ ಯಾವ ಕೊರಿಯರಿನಲ್ಲಿ, ಯಾವ ಅಪಾಯಕಾರಿ ಸರಕಿನ ನಿಯಮದಡಿ ಕಳಿಸುತ್ತೀರಿ? ಬಾಟಲಿ ಒಡೆದರೆ ಅಥವಾ ಸೋರಿದರೆ ಯಾರ ಹೊಣೆ? ಕಸ್ಟಮ್ಸ್ ವಾಪಸ್ ಕಳಿಸಿದರೆ ಹಣ ಎಷ್ಟು ಮರಳುತ್ತದೆ? ಮೊದಲ ಪ್ರಶ್ನೆಗೆ ತಡವರಿಸುವ ಅಂಗಡಿಯನ್ನು ಬಿಟ್ಟುಬಿಡಿ.

ಅಗ್ಗದ ಅಂಗಡಿಗಳಲ್ಲಿ ಸಿಗುವುದೆಲ್ಲ ನಕಲಿಯಲ್ಲ. ಅಧಿಕೃತ ಜಾಲದ ಹೊರಗೆ ಕೈಬದಲಾದ ಅಸಲಿ ಸರಕೂ ಇರುತ್ತದೆ. ಅದು ಎಷ್ಟು ಕಾಲ ಯಾವ ಗೋದಾಮಿನ ಬಿಸಿಯಲ್ಲಿ ಇತ್ತು ಎಂಬುದು ಮಾತ್ರ ತಿಳಿಯುವುದಿಲ್ಲ. "ಟೆಸ್ಟರ್" (ಅಂಗಡಿಯಲ್ಲಿ ಗ್ರಾಹಕರು ಮೂಸಿ ನೋಡಲು ಇಡುವ ಬಾಟಲಿ) ಎಂದು ಮಾರುವುದಕ್ಕೆ ಮುಚ್ಚಳ ಇಲ್ಲದಿರಬಹುದು, ಡಬ್ಬಿ ಸಾದಾ ಇರಬಹುದು. ದೂರದ ಸಾಗಣೆಯಲ್ಲಿ ಮುಚ್ಚಳ ಇಲ್ಲದ ಸ್ಪ್ರೇ ಒತ್ತಿಹೋಗಿ ಖಾಲಿಯಾಗುವ ಅಪಾಯವಿದೆ.

ಮನೆಗೆ ಮುಟ್ಟುವ ಬೆಲೆ

ಯುರೋಪಿನ ಅಂಗಡಿಗಳು ತೋರಿಸುವ ಬೆಲೆಯಲ್ಲಿ ವ್ಯಾಟ್ ಸೇರಿರುತ್ತದೆ: ಫ್ರಾನ್ಸಿನಲ್ಲಿ ಶೇ. 20, ಜರ್ಮನಿಯಲ್ಲಿ 19, ಇಟಲಿಯಲ್ಲಿ 22. ಒಕ್ಕೂಟದ ಹೊರಗೆ ರಫ್ತಾಗುವ ಸರಕಿಗೆ ಈ ವ್ಯಾಟ್ ಬೇಡ. ವಿಳಾಸ ತುಂಬಿದ ಮೇಲೆ ಕಾರ್ಟಿನಲ್ಲಿ ಬೆಲೆ ಇಳಿಯಬೇಕು. ಇಳಿಯದಿದ್ದರೆ ಆ ತೆರಿಗೆಯನ್ನು ಅಂಗಡಿಯೇ ಇಟ್ಟುಕೊಳ್ಳುತ್ತಿದೆ, ಅಥವಾ ನಿಮ್ಮ ದೇಶದ ಸುಂಕವನ್ನು ಅದರಲ್ಲೇ ಸೇರಿಸಿದೆ. ಯಾವುದು ಎಂದು ಕೇಳಿ. ಲೆಕ್ಕದಲ್ಲಿ ಒಂದು ಎಚ್ಚರ ಬೇಕು: ಶೇ. 20 ವ್ಯಾಟ್ ಸೇರಿದ 120ರಲ್ಲಿ ತೆರಿಗೆ 24 ಅಲ್ಲ, 20. ಇಳಿಕೆ ಶೇ. 16.67 ಮಾತ್ರ.

ಇನ್ನು ಮುಂದಿನದು. ದರಗಳು ದೇಶದಿಂದ ದೇಶಕ್ಕೆ ಬೇರೆ. ಇಲ್ಲಿ ಲೆಕ್ಕದ ಸಲುವಾಗಿ ಸುಂಕ ಶೇ. 20, ಮಾರಾಟ ತೆರಿಗೆ ಶೇ. 10 ಎಂದುಕೊಳ್ಳಿ. ವ್ಯಾಟ್ ಕಳೆದ ಬೆಲೆ 100, ಸಾಗಣೆ ಮತ್ತು ವಿಮೆ 25, ಒಟ್ಟು 125. ಸುಂಕ 25 ಸೇರಿ 150. ತೆರಿಗೆ ಆ 150ರ ಮೇಲೆ, ಅಂದರೆ 15, ಒಟ್ಟು 165. ಕೊರಿಯರಿನವರು ನಿಮ್ಮ ಪರವಾಗಿ ಸುಂಕ ಕಟ್ಟಿದ್ದಕ್ಕೆ ತೆಗೆದುಕೊಳ್ಳುವ ಸೇವಾ ಶುಲ್ಕ 15 ಎಂದುಕೊಂಡರೆ 180. ಕಾರ್ಡಿನ ವಿದೇಶಿ ವಿನಿಮಯ ಶುಲ್ಕ ಶೇ. 3, ಅಂದರೆ 125ರ ಮೇಲೆ 3.75. ಅಂಗಡಿಯಲ್ಲಿ 120 ಎಂದು ಕಂಡದ್ದು ಮನೆಗೆ ಬರುವಾಗ 183.75.

ಹಲವು ದೇಶಗಳು ಸುಂಕವನ್ನು ಸರಕು, ವಿಮೆ, ಸಾಗಣೆ ಮೂರೂ ಸೇರಿದ ಮೊತ್ತದ ಮೇಲೆ ಹಾಕುತ್ತವೆ, ಮೇಲಿನ ಲೆಕ್ಕ ಆ ಬಗೆಯದು. ಅಮೆರಿಕ, ಆಸ್ಟ್ರೇಲಿಯ ಸರಕಿನ ಬೆಲೆಯ ಮೇಲಷ್ಟೇ ಹಾಕುತ್ತವೆ. ನಿಮ್ಮ ದೇಶದ ದರ ಹುಡುಕಲು ಎಚ್‌ಎಸ್ ಸಂಖ್ಯೆ, ಅಂದರೆ ಕಸ್ಟಮ್ಸ್‌ನವರು ಸರಕನ್ನು ವಿಂಗಡಿಸುವ ಸಂಖ್ಯೆ, 3303.00 ಬಳಸಿ. ಪರ್ಫ್ಯೂಮ್ ಮತ್ತು ಟಾಯ್ಲೆಟ್ ವಾಟರ್‌ಗಳಿಗೆ (ಓ ಡಿ ಟಾಯ್ಲೆಟ್) ಎಲ್ಲ ದೇಶಗಳಲ್ಲೂ ಇದೇ ಮೊದಲ ಆರು ಅಂಕಿ. ಬೆರಕೆಯಿಲ್ಲದ ಸುಗಂಧ ತೈಲ 3301ಕ್ಕೆ ಹೋಗುತ್ತದೆ, ದರ ಬೇರೆ ಇರಬಹುದು.

ಸಣ್ಣ ಮೊತ್ತದ ಪೊಟ್ಟಣಕ್ಕೆ ಸುಂಕವಿಲ್ಲ ಎಂಬ ಹಳೆಯ ಮಾಹಿತಿಯನ್ನು ಮತ್ತೆ ಪರೀಕ್ಷಿಸಿ. ಅಮೆರಿಕದ 800 ಡಾಲರ್ ವಿನಾಯಿತಿ 2025ರ ಆಗಸ್ಟ್ 29ರಂದು ಎಲ್ಲ ದೇಶಗಳ ಸರಕಿಗೂ ನಿಂತಿತು. ಯುರೋಪಿಯನ್ ಒಕ್ಕೂಟ 150 ಯೂರೋವರೆಗಿನ ಸರಕಿಗೆ ಸುಂಕ ಬಿಟ್ಟಾಗಲೂ ಪರ್ಫ್ಯೂಮನ್ನು ಆ ವಿನಾಯಿತಿಯಿಂದ ಹೊರಗಿಟ್ಟಿತ್ತು. ಅಲ್ಲಿಗೆ ಉಡುಗೊರೆಯಾಗಿ ಕಳಿಸಿದರೂ ವಿನಾಯಿತಿ 50 ಗ್ರಾಂ ಪರ್ಫ್ಯೂಮ್ ಅಥವಾ 0.25 ಲೀಟರ್ ಟಾಯ್ಲೆಟ್ ವಾಟರಿಗೆ ಮಾತ್ರ.

ಸಾಗಣೆ ದರದಲ್ಲಿ ಅಡಗಿರುವ ಖರ್ಚು ಡಬ್ಬಿಯ ಗಾತ್ರದ್ದು. ಕೊರಿಯರ್‌ಗಳು ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತವೆ. ನಿಜ ತೂಕ, ಈ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. 20×15×12 ಸೆಂ.ಮೀ. ಡಬ್ಬಿ 0.72 ಕೆ.ಜಿ. ಆಗುತ್ತದೆ. ಅದೇ ಬಾಟಲಿ ರೇಷ್ಮೆ ಹಾಸಿನ ಉಡುಗೊರೆ ಪೆಟ್ಟಿಗೆಯಲ್ಲಿ, 30×25×20 ರಟ್ಟಿನೊಳಗೆ ಬಂದರೆ 3 ಕೆ.ಜಿ.

ಆರ್ಡರ್ ಹಾಕುವಾಗ

ಪಾವತಿ ಪುಟದಲ್ಲಿ "ನಿಮ್ಮ ಕರೆನ್ಸಿಯಲ್ಲೇ ಕಟ್ಟಿ" ಎಂಬ ಆಯ್ಕೆ ಬಂದರೆ ಬೇಡ ಎನ್ನಿ, ಅಂಗಡಿಯ ಕರೆನ್ಸಿಯನ್ನೇ ಆರಿಸಿ. ಆ ಅನುಕೂಲಕ್ಕೆ ಸೇರಿಸುವ ವಿನಿಮಯ ದರ ಸಾಮಾನ್ಯವಾಗಿ ದುಬಾರಿ. ನೇರ ಬ್ಯಾಂಕ್ ವರ್ಗಾವಣೆ ಬೇಡ, ವಿವಾದ ಎತ್ತಬಲ್ಲ ಕ್ರೆಡಿಟ್ ಕಾರ್ಡ್ ಬಳಸಿ.

ಸಾಗಣೆಯ ಷರತ್ತಿನಲ್ಲಿ ಡಿಡಿಪಿ ಎಂದಿದ್ದರೆ ಸುಂಕ, ತೆರಿಗೆ ಅಂಗಡಿಯೇ ಕಟ್ಟುತ್ತದೆ, ಬಾಗಿಲಲ್ಲಿ ನೀವು ಏನೂ ಕೊಡಬೇಕಿಲ್ಲ. ಡಿಎಪಿ ಅಥವಾ ಡಿಡಿಯು ಎಂದಿದ್ದರೆ ನೀವೇ ಕಟ್ಟಬೇಕು. ಸ್ವಲ್ಪ ಹೆಚ್ಚು ಬಿದ್ದರೂ ಮೊದಲ ಸಲ ತರಿಸುವವರಿಗೆ ಡಿಡಿಪಿಯೇ ಒಳ್ಳೆಯದು. ವಿಳಾಸದ ಹೆಸರು ಗುರುತಿನ ಪತ್ರದಲ್ಲಿರುವಂತೆಯೇ ಇರಲಿ, ಫೋನ್ ನಂಬರ್ ದೇಶದ ಕೋಡ್ ಸಮೇತ ಇರಲಿ. ಕಸ್ಟಮ್ಸ್‌ನಲ್ಲಿ ಪೊಟ್ಟಣ ನಿಲ್ಲುವುದಕ್ಕೆ ಇವೆರಡರ ಹೊಂದಾಣಿಕೆ ತಪ್ಪಿರುವುದು ಮಾಮೂಲಿ ಕಾರಣ. ಇನ್ವಾಯ್ಸಿನಲ್ಲಿ ಬ್ರಾಂಡ್, ಪರ್ಫ್ಯೂಮಿನ ಹೆಸರು, ಮಿಲಿ, ಎಣಿಕೆ, ನಿಜವಾದ ಬೆಲೆ, ತಯಾರಾದ ದೇಶ, ಎಚ್‌ಎಸ್ ಸಂಖ್ಯೆ ಇರಬೇಕು. ಬೆಲೆ ಕಡಿಮೆ ತೋರಿಸಿ ಎಂದು ಅಂಗಡಿಯನ್ನು ಕೇಳಬೇಡಿ: ಕಸ್ಟಮ್ಸ್‌ನವರು ಜಾಲತಾಣದ ಬೆಲೆ ನೋಡಿದರೆ ದಂಡ ಬೀಳುತ್ತದೆ, ಬಾಟಲಿ ಒಡೆದರೆ ವಿಮೆ ಕೂಡ ಬರೆದಷ್ಟಕ್ಕೇ ಸಿಗುತ್ತದೆ.

ಕುಶಲಕರ್ಮಿಗಳ ಅತ್ತರು ಕೊಳ್ಳುವವರಿಗೆ ಒಂದು ಮಾತು. ಊದ್ ಕೊಡುವ ಅಗರು ಮರ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಚಿಲ್ಲರೆ ಮಾರಾಟಕ್ಕೆ ಸಿದ್ಧವಾಗಿ ಪ್ಯಾಕ್ ಆದ ಊದ್ ಪರ್ಫ್ಯೂಮಿಗೆ ವಿನಾಯಿತಿ ಇದೆ, ಆದರೆ ಮರದ ಚೂರಿಗೆ ಆ ವಿನಾಯಿತಿ ಇಲ್ಲ. ಲೇಬಲ್ಲಿಲ್ಲದ ಸೀಸೆಯಲ್ಲಿ ಬರುವ ಊದ್ ಎಣ್ಣೆಗೂ ಪರವಾನಗಿ ಕೇಳಬಹುದು. ನಿಜವಾದ ಕಸ್ತೂರಿಮೃಗದ ಕಸ್ತೂರಿಯ ಮೇಲೆ ಕಟ್ಟುನಿಟ್ಟಾದ ನಿರ್ಬಂಧವಿದೆ. ತಿಮಿಂಗಿಲದಿಂದ ಬರುವ ಅಂಬರ್‌ಗ್ರಿಸ್ ಅಮೆರಿಕ, ಆಸ್ಟ್ರೇಲಿಯದಲ್ಲಿ ನಿಷಿದ್ಧ. "ಅಸಲಿ ಕಸ್ತೂರಿ" ಎಂಬ ಹೊಗಳಿಕೆ ಕಂಡ ಕಡೆ ಆರ್ಡರ್ ಹಾಕದಿರುವುದೇ ಮೇಲು.

ನಿಮ್ಮ ದೇಶಕ್ಕೆ ಅಂಗಡಿ ಕಳಿಸುವುದಿಲ್ಲವೆಂದು ಫಾರ್ವರ್ಡಿಂಗ್ ಕಂಪನಿಯ ವಿಳಾಸ ಬಳಸುವವರಿದ್ದಾರೆ. ಆ ಕಂಪನಿ ಅಪಾಯಕಾರಿ ಸರಕು ಒಪ್ಪುತ್ತದೆಯೇ ಎಂದು ಮೊದಲು ಬರವಣಿಗೆಯಲ್ಲಿ ಕೇಳಿ. ಕೇಳದೆ ಕಳಿಸಿದರೆ ಬಾಟಲಿ ಅವರ ಗೋದಾಮಿನಲ್ಲೇ ಸಿಕ್ಕಿಕೊಳ್ಳುತ್ತದೆ: ಮುಂದಕ್ಕೆ ಹೋಗದು, ಅಂಗಡಿಯ ವಾಪಸಾತಿ ಅವಧಿ ಕಳೆದುಹೋಗುತ್ತದೆ, ದಿನಕ್ಕಿಷ್ಟು ಎಂದು ಬಾಡಿಗೆ ಏರುತ್ತದೆ.

ಬಾಟಲಿ ಸೋರುವುದು ಏಕೆ

ವಿಮಾನದೊಳಗಿನ ಒತ್ತಡ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟು, ಅಂದರೆ ಸಮುದ್ರಮಟ್ಟದ ಮುಕ್ಕಾಲು ಪಾಲು. ಬಾಟಲಿಯೊಳಗೆ ದ್ರವದ ಮೇಲಿರುವ ಗಾಳಿ ಆಗ ಹಿಗ್ಗುತ್ತದೆ. ನಳಿಕೆಯ ತುದಿ ದ್ರವದಲ್ಲಿ ಮುಳುಗಿರುವುದರಿಂದ ಆ ಗಾಳಿ ದ್ರವವನ್ನೇ ಪಂಪಿನ ಕಡೆ ತಳ್ಳುತ್ತದೆ. ತುಂಬಿದ ಹೊಸ ಬಾಟಲಿಯಲ್ಲಿ ಗಾಳಿ ಕಡಿಮೆ, ಸೋರುವುದೂ ಕಡಿಮೆ. ಅರ್ಧ ಬಳಸಿದ ಬಾಟಲಿ, ಸಡಿಲ ಪಂಪಿನ ಡೀಕಾಂಟ್ ಸೀಸೆಗಳೇ (ದೊಡ್ಡ ಬಾಟಲಿಯಿಂದ ತೆಗೆದು ತುಂಬಿದ ಸಣ್ಣ ಸೀಸೆಗಳು) ಹೆಚ್ಚು ಸೋರುವುದು. ಕಾರ್ಖಾನೆಯಲ್ಲಿ ಲೋಹದ ಉಂಗುರ ಒತ್ತಿ ಬಿಗಿದ ಪಂಪ್ ಗಟ್ಟಿ. ತಿರುಪಿನ ಪಂಪ್ ಅಷ್ಟು ನಂಬಿಕೆಯದಲ್ಲ.

ಡೀಕಾಂಟ್ ತರಿಸುವಾಗ ಕಳಿಸುವವರಿಗೆ ಹೀಗೆ ಹೇಳಿ: ಸೀಸೆಯನ್ನು ಅಂಚಿನವರೆಗೆ ತುಂಬಬೇಡಿ. ಎಥೆನಾಲ್ ಬಿಸಿಗೆ ಪ್ರತಿ ಡಿಗ್ರಿಗೆ ಸುಮಾರು ಶೇ. 0.11 ಹಿಗ್ಗುತ್ತದೆ, 15 ಡಿಗ್ರಿಯಲ್ಲಿ ತುಂಬಿದ್ದು 45 ಡಿಗ್ರಿ ಗೋದಾಮಿಗೆ ಬಂದರೆ ಶೇ. 3ರಷ್ಟು ಉಬ್ಬಿರುತ್ತದೆ. ಶೇ. 5ರಿಂದ 10 ಜಾಗ ಬಿಡುವುದು ಸರಿ. ತಿರುಪು ಬಿಗಿದ ಮೇಲೆ ಕತ್ತಿನ ಸುತ್ತ ಪ್ಯಾರಾಫಿಲ್ಮ್ ಎಂಬ ಮೇಣದಂಥ ಹಿಗ್ಗುವ ಪಟ್ಟಿಯನ್ನು ಎಳೆದು ಎರಡು ಮೂರು ಸುತ್ತು ಹಾಕಬೇಕು. ಪ್ರತಿ ಸೀಸೆ ಅದರದೇ ಜಿಪ್ ಚೀಲದಲ್ಲಿ, ಜೊತೆಗೆ ಹೀರಿಕೊಳ್ಳುವ ಕಾಗದ ಅಥವಾ ಹತ್ತಿ. ಸೀಸೆಗಳು ಒಂದಕ್ಕೊಂದು ತಾಗಬಾರದು. ಹೊರ ಡಬ್ಬಿಯನ್ನು ಅಲುಗಾಡಿಸಿದರೆ ಸದ್ದು ಬರಬಾರದು.

ಅಂಗಡಿ ಕಳಿಸುವ ಪೂರ್ಣ ಬಾಟಲಿಯ ರಟ್ಟಿನ ಮೇಲೆ ಮೇಲಿನ, ಕೆಳಗಿನ ಮೂಲೆಗಳು ಕಪ್ಪಾಗಿ ನಡುವೆ ಬಿಳುಪಿರುವ ವಜ್ರಾಕಾರದ ಗುರುತು ಕಂಡರೆ ಅದು ಸೀಮಿತ ಪ್ರಮಾಣದ ಅಪಾಯಕಾರಿ ಸರಕು ಎಂದರ್ಥ. ನಡುವೆ ವೈ ಅಕ್ಷರ ಇದ್ದರೆ ವಿಮಾನಕ್ಕೆ ಸಿದ್ಧಪಡಿಸಿದ್ದು. ಗುರುತು ಕಂಡರೆ ಗಾಬರಿ ಬೇಡ, ಅಂಗಡಿ ತನ್ನ ಕೆಲಸ ಬಲ್ಲದು ಎಂದು ತಿಳಿಯಿರಿ.

ಕಸ್ಟಮ್ಸ್‌ನಲ್ಲಿ ನಿಂತರೆ

ಟ್ರ್ಯಾಕಿಂಗಿನಲ್ಲಿ ಎರಡು ಮೂರು ದಿನ ಒಂದೇ ಸಾಲು ಕಂಡರೆ ಕಾಯಿರಿ. ದಾಖಲೆ ಬೇಕು ಎಂಬ ಸಂದೇಶ ಬಂದರೆ ಅದೇ ದಿನ ಉತ್ತರಿಸಿ: ಇನ್ವಾಯ್ಸ್, ಪಾವತಿಯ ರಶೀದಿ, ಅಂಗಡಿ ಪುಟದ ಚಿತ್ರ, ಗುರುತಿನ ಪತ್ರ. ಇವನ್ನು ಆರ್ಡರ್ ಹಾಕಿದ ದಿನವೇ ಒಂದು ಕಡೆ ಕೂಡಿಟ್ಟಿರಬೇಕು. ಸುಂಕ ಕಟ್ಟಿ ಎಂದು ಫೋನಿಗೆ ಬರುವ ಕೊಂಡಿಯನ್ನು ಒತ್ತಬೇಡಿ. ಕೊರಿಯರಿನ ಜಾಲತಾಣಕ್ಕೆ ನೀವೇ ಹೋಗಿ ಟ್ರ್ಯಾಕಿಂಗ್ ಸಂಖ್ಯೆ ಹಾಕಿ ನೋಡಿ. ಒಂದೇ ಬಗೆಯ ಬಾಟಲಿ ಐದಾರು ಇದ್ದರೆ ಸ್ವಂತ ಬಳಕೆಗಲ್ಲ, ಮಾರಾಟಕ್ಕೆ ಎಂದು ಭಾವಿಸಬಹುದು. ಆಗ ಆಮದು ಪರವಾನಗಿಯ ಪ್ರಶ್ನೆ ಏಳುತ್ತದೆ.

ಬಾಟಲಿ ಕೈಗೆ ಬಂದ ಮೇಲೆ

ಪೊಟ್ಟಣ ಬಿಚ್ಚುವ ಮೊದಲೇ ವಿಡಿಯೊ ಶುರುಮಾಡಿ: ಆರು ಬದಿ, ವಿಳಾಸದ ಚೀಟಿ, ಆಮೇಲೆ ಟೇಪ್ ಕತ್ತರಿಸುವುದು, ಕೊನೆಗೆ ದ್ರವದ ಮಟ್ಟ. ನಡುವೆ ನಿಲ್ಲಿಸಬೇಡಿ. ರಟ್ಟಿನಿಂದಲೇ ಗಾಢ ವಾಸನೆ ಹೊಡೆದರೆ, ಒದ್ದೆಯಾಗಿದ್ದರೆ, ಕೊರಿಯರಿನವರ ಎದುರೇ ಚಿತ್ರ ತೆಗೆದು ರಶೀದಿಯ ಮೇಲೆ ಬರೆಸಿ. ದೂರು ಕೊಡುವ ಅವಧಿ ಹಲವು ಕಡೆ ಕೆಲವೇ ದಿನ.

ಡಬ್ಬಿಯ ತಳ ಮತ್ತು ಬಾಟಲಿಯ ತಳದ ಬ್ಯಾಚ್ ಸಂಖ್ಯೆ ಒಂದೇ ಇದೆಯೇ ನೋಡಿ. ಬೇರೆ ಇದ್ದರೆ ಅಂಗಡಿಗೆ ಚಿತ್ರ ಕಳಿಸಿ ಕೇಳಿ. ಬ್ಯಾಚ್ ಸಂಖ್ಯೆಯಿಂದ ತಯಾರಾದ ತಿಂಗಳು ಹೇಳುವ ಜಾಲತಾಣಗಳನ್ನು ಸಣ್ಣ ನಿಶ್ ಮನೆಗಳ ವಿಷಯದಲ್ಲಿ ನೆಚ್ಚಬೇಡಿ, ಒಂದೊಂದು ಮನೆಯ ಸಂಖ್ಯೆಯ ಪದ್ಧತಿ ಒಂದೊಂದು ರೀತಿ. ಚಳಿಯಿಂದ ಬಂದ ದ್ರವ ಮಸುಕಾಗಿ ಕಂಡರೆ ಒಂದು ದಿನ ಕೋಣೆಯ ಉಷ್ಣತೆಯಲ್ಲಿ ಇಡಿ, ಸಾಮಾನ್ಯವಾಗಿ ತಿಳಿಯಾಗುತ್ತದೆ. ಮೊದಲ ಎರಡು ಮೂರು ಸ್ಪ್ರೇ ನಳಿಕೆಯಲ್ಲಿ ನಿಂತಿದ್ದ ದ್ರವ. ಅದನ್ನು ಕಾಗದಕ್ಕೆ ಹೊಡೆದು ಆಮೇಲೆ ಮೂಸಿ. ಬಾಟಲಿಯನ್ನು ಅದರ ಡಬ್ಬಿಯಲ್ಲೇ, ಬೆಳಕು ಬೀಳದ ಕಪಾಟಿನಲ್ಲಿ ಇಡಿ. ಸ್ನಾನದ ಮನೆ ಬೇಡ.

ಪ್ರಯಾಣಿಕರ ಕೈಯಲ್ಲಿ ತರಿಸುವುದಾದರೆ

ಒಂದೆರಡು ಬಾಟಲಿಗೆ ಇದು ಅಗ್ಗದ, ಸಂಪೂರ್ಣ ಕಾನೂನುಬದ್ಧ ದಾರಿ. ವಿಮಾನಯಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘ ಐಯಾಟಾದ ನಿಯಮದಂತೆ ಪರ್ಫ್ಯೂಮ್, ಔಷಧ, ಸೌಂದರ್ಯ ಸಾಮಗ್ರಿ ಎಲ್ಲ ಸೇರಿ ಒಬ್ಬರಿಗೆ 2 ಲೀಟರ್ ಅಥವಾ 2 ಕೆ.ಜಿ., ಒಂದೊಂದು ಬಾಟಲಿ 0.5 ಲೀಟರ್ ಮೀರಬಾರದು. ಕೈಚೀಲದಲ್ಲಾದರೆ ಬಹುತೇಕ ವಿಮಾನ ನಿಲ್ದಾಣಗಳಲ್ಲಿ ಬಾಟಲಿ 100 ಮಿಲಿ ಒಳಗಿರಬೇಕು, ಎಲ್ಲ ಬಾಟಲಿಗಳೂ 1 ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಯಬೇಕು. 100 ಮಿಲಿ ಬಾಟಲಿ ಅರ್ಧ ಖಾಲಿ ಇದ್ದರೂ ಸರಿ. 125 ಮಿಲಿ ಬಾಟಲಿಯಲ್ಲಿ 20 ಮಿಲಿ ಮಾತ್ರ ಉಳಿದಿದ್ದರೂ ಬಿಡುವುದಿಲ್ಲ, ಅಲ್ಲಿ ನೋಡುವುದು ಬಾಟಲಿಯ ಅಳತೆ. ಡ್ಯೂಟಿ ಫ್ರೀ ಅಂಗಡಿಯಲ್ಲಿ ಕೊಂಡದ್ದನ್ನು ಮೊಹರು ಹಾಕಿದ ಚೀಲದಲ್ಲಿ ಕೊಡುತ್ತಾರೆ. ನಡುವೆ ವಿಮಾನ ಬದಲಿಸುವುದಿದ್ದರೆ ಆ ಚೀಲವನ್ನು ಊರು ಮುಟ್ಟುವವರೆಗೆ ಬಿಚ್ಚಬಾರದು, ರಶೀದಿ ಒಳಗೇ ಕಾಣುವಂತಿರಬೇಕು. ಸುಂಕದ ಮಿತಿ ಪ್ರಯಾಣಿಕರಿಗೂ ಇರುತ್ತದೆ. ತರುವವರ ಕೈಗೆ ಇನ್ವಾಯ್ಸ್ ಕೊಟ್ಟೇ ಕಳಿಸಿ, ಮಿತಿ ದಾಟಿದರೆ ಸುಂಕ ನಿಮ್ಮದು ಎಂದು ಮೊದಲೇ ಹೇಳಿಬಿಡಿ.